ಉಳಿದ ಔಷಧಿಯೂ ಅನರ್ಥದಂಡವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಜೀವನನಿರ್ವಹಣೆಗಾಗಿ ಮಾಡುವ ಕೆಲಸದಲ್ಲಿ ಒದಗುವ ಹಿಂಸೆ ಬೇರೆ. ಯಾವ ಪ್ರಯೋಜನವೂ ಇಲ್ಲದೆ ಕೇವಲ ಅಲಕ್ಷ್ಯದಿಂದ ಒದಗುವ ಹಿಂಸೆ ಬೇರೆ. ಮೊದಲನೆಯದನ್ನು ಗೃಹಸ್ಥನು ಮಿತಗೊಳಿಸಬಲ್ಲನೇ ಹೊರತು ಪೂರ್ಣವಾಗಿ ತೊರೆಯಲಾರನು. ಎರಡನೆಯದನ್ನು ತೊರೆಯಲು ಅವನಿಗೆ ಯಾವ ಅಡ್ಡಿಯೂ ಇಲ್ಲ. ತೊರೆಯದಿದ್ದರೆ ಹೇಳಿಕೊಳ್ಳಲು ನೆಪವೂ ಇಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ ಎಂದು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಇವುಗಳಲ್ಲಿ ಹಿಂಸಾದಾನ ಮತ್ತು ಪ್ರಮಾದಚರ್ಯೆ ಎಂಬ ಎರಡು ಇಂದಿನ ಮನೆಗಳ ಒಂದು ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತಿವೆ. ಆ ಮೂಲೆಯೇ ಔಷಧಿಯ ಡಬ್ಬಿ.

ಬಹುಮಟ್ಟಿಗೆ ಎಲ್ಲ ಮನೆಗಳಲ್ಲಿಯೂ ಇಂತಹ ಡಬ್ಬಿಯೊಂದು ಇರುತ್ತದೆ. ಹಿಂದಿನ ವರ್ಷದ ಜ್ವರಕ್ಕೆ ತಂದು ಅರ್ಧಕ್ಕೆ ನಿಲ್ಲಿಸಿದ ಮಾತ್ರೆಗಳು, ಮಗುವಿನ ಕೆಮ್ಮಿಗೆ ತಂದ ಸಿರಪ್ಪಿನ ಕಾಲುಬಾಟಲಿ, ವೈದ್ಯರು ಬದಲಾಯಿಸಿದ ರಕ್ತದೊತ್ತಡದ ಗುಳಿಗೆ, ಹೊದಿಕೆಯು ಜೆಲಟಿನ್ ಎಂದು ತಿಳಿದು ಕೈಬಿಟ್ಟ ಕ್ಯಾಪ್ಸೂಲುಗಳು, ಕಾಲವಾದ ಹಿರಿಯರ ಇನ್ಸುಲಿನ್ ಮತ್ತು ನೋವಿನ ಮದ್ದು ಇವೆಲ್ಲವೂ ಅದರಲ್ಲಿ ಒಟ್ಟಾಗಿರುತ್ತವೆ. ಭಾದ್ರಪದದ ದಶಲಕ್ಷಣ ಪರ್ವ ಸಮೀಪಿಸಿದಾಗ ಮನೆಯನ್ನೆಲ್ಲ ಶುಚಿಗೊಳಿಸುವ ಶ್ರಾವಿಕೆಯು ಈ ಡಬ್ಬಿಯನ್ನು ತೆರೆದು ನೋಡಿ ಮಾಡುವುದೇನು? ಹೆಚ್ಚಿನ ಮನೆಗಳಲ್ಲಿ ಮಾತ್ರೆಗಳು ತಿಪ್ಪೆಯನ್ನೋ ಶೌಚಾಲಯವನ್ನೋ ಸೇರುತ್ತವೆ. ಸಿರಪ್ಪು ಬಚ್ಚಲಿಗೆ ಹೋಗುತ್ತದೆ. ಡಬ್ಬಿ ಬರಿದಾಯಿತು, ಪರಿಗ್ರಹ ಕಡಿಮೆಯಾಯಿತು ಎಂಬ ಸಮಾಧಾನವೂ ಉಂಟಾಗುತ್ತದೆ.

ಆ ಸಮಾಧಾನ ಯೋಗ್ಯವೇ? ವಸ್ತು ಕೈಬಿಟ್ಟು ಹೋದೊಡನೆ ಅದರ ಹೊಣೆಯೂ ಬಿಟ್ಟುಹೋಗುತ್ತದೆಯೇ? ತ್ಯಾಗಕ್ಕೂ ಬಿಸಾಡುವುದಕ್ಕೂ ಇರುವ ಅಂತರವೇನು? ಉಳಿದ ಔಷಧಿಯ ಮುಂದೆ ಗೃಹಸ್ಥನಿಗೆ ನಾಲ್ಕು ದಾರಿಗಳಿವೆ: ಇಟ್ಟುಕೊಳ್ಳುವುದು, ಕೊಡುವುದು, ಚೆಲ್ಲುವುದು, ಸುಡುವುದು. ನಾಲ್ಕರಲ್ಲಿಯೂ ದೋಷದ ಸಂಭವವಿದೆ. ಆದುದರಿಂದಲೇ ಇದು ಕೇವಲ ಶುಚಿತ್ವದ ವಿಷಯವಾಗಿ ಉಳಿಯದೆ ಧರ್ಮವಿಚಾರವಾಗುತ್ತದೆ.

ಇಟ್ಟುಕೊಳ್ಳುವುದು

ಏನೂ ಮಾಡದೆ ಇರುವುದೇ ನಿರ್ದೋಷವೆಂದು ತೋರಬಹುದು. ಆದರೆ ಔಷಧಿಯು ಇಟ್ಟಲ್ಲಿ ಇದ್ದಂತೆಯೇ ಇರುವ ವಸ್ತುವಲ್ಲ. ಶೀಟಿನ ಮೇಲೆ ಮುದ್ರಿಸಿದ ಅವಧಿಯು ತಯಾರಕರು ಆ ಔಷಧಿಯ ಗುಣಕ್ಕೆ ಹೊಣೆ ಹೊರುವ ಕೊನೆಯ ದಿನ. ಉಷ್ಣ ಮತ್ತು ತೇವಗಳಿಂದ ಅದಕ್ಕೂ ಮೊದಲೇ ಗುಣವು ಕುಂದಬಹುದು. ಎದೆನೋವಿನ ಸಮಯದಲ್ಲಿ ನಾಲಿಗೆಯ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ, ತಂಪಿನಲ್ಲಿಡಬೇಕಾದ ಇನ್ಸುಲಿನ್ ಇವು ಶಕ್ತಿಗುಂದಿದಾಗ ರೋಗಿಯ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇನ್ನು ಗುಣ ಕುಂದದ ಔಷಧಿಯ ಅಪಾಯ ಬೇರೆ ರೀತಿಯದು. ಮಿಠಾಯಿಯೆಂದು ಭಾವಿಸಿ ನುಂಗುವ ಮಗು, ಕಣ್ಣು ಮಬ್ಬಾಗಿ ಒಂದರ ಬದಲು ಇನ್ನೊಂದನ್ನು ತೆಗೆದುಕೊಳ್ಳುವ ವೃದ್ಧರು, ಮನಸ್ಸು ಕದಡಿದ ಗಳಿಗೆಯಲ್ಲಿ ಡಬ್ಬಿಯ ಕಡೆಗೆ ಕೈಚಾಚುವ ತರುಣರು ಎಲ್ಲ ಮನೆಗಳಲ್ಲಿಯೂ ಇರಬಹುದು. ಅನಾವಶ್ಯಕವಾಗಿ ಆಯುಧವನ್ನು ಮನೆಯಲ್ಲಿಡಬಾರದೆಂದು ಬಲ್ಲ ಗೃಹಸ್ಥನು ಇದನ್ನೂ ಆ ಸಾಲಿನಲ್ಲಿಯೇ ಎಣಿಸಬೇಕು.

ಔಷಧಿಯನ್ನು ಇಟ್ಟುಕೊಳ್ಳುವುದಕ್ಕೆ ಜಿಪುಣತನ ಒಂದು ಕಾರಣ, ಭಯ ಇನ್ನೊಂದು ಕಾರಣ. ಮೂರನೆಯ ಕಾರಣವು ಇವೆರಡಕ್ಕಿಂತ ಸೂಕ್ಷ್ಮವಾದುದು. ಬಹುಕಾಲ ಕಾಯಿಲೆಯಲ್ಲಿದ್ದ ಹಿರಿಯರು ತೀರಿಕೊಂಡ ಮನೆಯಲ್ಲಿ ಅವರ ಬಟ್ಟೆಗಳನ್ನು ಕೊಟ್ಟುಬಿಟ್ಟವರೂ ಔಷಧಿಯ ಡಬ್ಬಿಯನ್ನು ಮುಟ್ಟುವುದಿಲ್ಲ. ಹೊತ್ತುಹೊತ್ತಿಗೆ ಎಣಿಸಿ ಕೊಟ್ಟ ಕೈಗೆ ಆ ಮಾತ್ರೆಗಳಲ್ಲಿ ತನ್ನ ಸೇವೆಯೇ ಕಾಣುತ್ತದೆ. ಸಲ್ಲೇಖನವನ್ನು ಸ್ವೀಕರಿಸಿ ಆಹಾರ ಔಷಧಿಗಳನ್ನು ಕ್ರಮವಾಗಿ ತ್ಯಜಿಸಿದ ವ್ರತಿಗಳ ಮನೆಯಲ್ಲಿಯೂ ಹೀಗಾಗುವುದುಂಟು. ತ್ಯಜಿಸಿದವರು ನಿರ್ಮಮರಾಗಿ ಹೊರಟುಹೋದರು. ಅವರು ತ್ಯಜಿಸಿದ ವಸ್ತುವಿನ ಮೇಲಣ ಮಮತೆ ಮನೆಯವರಲ್ಲಿ ಉಳಿಯಿತು. ಪರಿಗ್ರಹವೆಂದರೆ ಮೂರ್ಛೆ ಎಂದು ಆಗಮವು ಹೇಳುವುದರ ತಾತ್ಪರ್ಯವು ಇಂತಹ ಸಣ್ಣ ಡಬ್ಬಿಯಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತದೆ. ಆ ಮಮತೆಯನ್ನು ಯಾರೂ ಹಳಿಯಬೇಕಾಗಿಲ್ಲ. ಆದರೆ ಅಗಲಿದವರ ನೆನಪನ್ನು ಅವರು ಓದುತ್ತಿದ್ದ ಗ್ರಂಥದಲ್ಲಿಯೋ ಅವರ ಹೆಸರಿನ ದಾನದಲ್ಲಿಯೋ ಉಳಿಸಿಕೊಳ್ಳುವುದು ಲೇಸು. ವಿಷವಾಗಬಲ್ಲ ವಸ್ತುವಿನಲ್ಲಿ ಉಳಿಸಿಕೊಳ್ಳುವುದು ತರವಲ್ಲ.

ಕೊಡುವುದು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಸ್ಥಾನವಿದೆ. ಈ ನಾಡಿನ ಜೈನರು ವೈದ್ಯವನ್ನು ಧರ್ಮಕಾರ್ಯವೆಂದೇ ಬಗೆದು ಬಂದವರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳ ಸೋಂಕಿಲ್ಲದ ಚಿಕಿತ್ಸೆಯನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದರು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಗಳನ್ನೂ ಅವುಗಳ ಚಿಕಿತ್ಸೆಯನ್ನೂ ಕುರಿತು ಖಗೇಂದ್ರಮಣಿದರ್ಪಣವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ಇಂತಹ ಪರಂಪರೆಯಲ್ಲಿ ಬೆಳೆದವರಿಗೆ, ಉಳಿದ ಔಷಧಿಯನ್ನು ಬಡವರಿಗೆ ಕೊಟ್ಟರೆ ಪುಣ್ಯವಲ್ಲವೇ ಎಂಬ ಭಾವನೆ ಸಹಜವಾಗಿ ಬರುತ್ತದೆ.

ದಾನದ ಹಿರಿಮೆಯು ವಿಧಿ, ದ್ರವ್ಯ, ದಾತೃ, ಪಾತ್ರಗಳನ್ನು ಅವಲಂಬಿಸಿದೆ ಎಂಬುದು ಪಾಠಶಾಲೆಯ ಮಕ್ಕಳಿಗೂ ತಿಳಿದ ವಿಚಾರ. ಉಳಿದ ಔಷಧಿಯನ್ನು ಈ ನಾಲ್ಕರ ಒರೆಗೆ ಹಚ್ಚಬೇಕು. ದ್ರವ್ಯವು ಅವಧಿ ಮೀರಿದುದೋ, ಬಿಡಿಬಿಡಿಯಾಗಿ ಕತ್ತರಿಸಿ ಹೆಸರು ದಿನಾಂಕಗಳು ಅಳಿದುಹೋದುದೋ ಆಗಿದ್ದರೆ ಅದು ದಾನಯೋಗ್ಯವಲ್ಲ. ಪಾತ್ರನಾದವನ ರೋಗವೇನು, ಅವನು ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದಾನೆ, ಆ ಔಷಧಿ ಅವನಿಗೆ ಒಗ್ಗುತ್ತದೆಯೇ ಎಂಬುದು ದಾತೃವಿಗೆ ತಿಳಿಯದು. ವಿಧಿಯಂತೂ ವೈದ್ಯನ ಕೈಯಲ್ಲಿದೆ. ಭಾರತದಲ್ಲಿ ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಅನೇಕ ಔಷಧಿಗಳ ಶೀಟಿನ ಮೇಲೆ ಕೆಂಪು ಗೆರೆಯೊಂದನ್ನು ಎಳೆದಿರುತ್ತಾರೆ. ಮನೆಗೆಲಸದವಳು ತಲೆನೋವೆಂದಾಗ, ನೆರೆಯವರು ಹೊಟ್ಟೆನೋವೆಂದಾಗ ಡಬ್ಬಿಯಿಂದ ತೆಗೆದುಕೊಡುವ ಗೃಹಸ್ಥನು ಆ ಗೆರೆಯನ್ನು ದಾಟುತ್ತಾನೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಹಿಂಸಾದಾನಕ್ಕೆ ಉದಾಹರಣೆಗಳನ್ನು ಕೊಡುವಾಗ ಶಸ್ತ್ರ ಅಗ್ನಿಗಳೊಡನೆ ವಿಷವನ್ನೂ ಎಣಿಸಿದ್ದಾರೆ. ಒಬ್ಬನಿಗೆ ಔಷಧಿಯಾದುದು ಇನ್ನೊಬ್ಬನಿಗೆ ವಿಷವಾಗಬಹುದಾದ ಕಾರಣ, ಕೊಡುವವನ ಸದ್ಭಾವವೊಂದೇ ಇಲ್ಲಿ ಸಾಲದು.

ಆಂಟಿಬಯೊಟಿಕ್ ಔಷಧಿಗಳ ವಿಷಯದಲ್ಲಿ ಅಪಾಯವು ಒಬ್ಬ ವ್ಯಕ್ತಿಗೆ ನಿಲ್ಲುವುದಿಲ್ಲ. ಬೇಡದ ರೋಗಕ್ಕೆ, ಬೇಡದ ಪ್ರಮಾಣದಲ್ಲಿ ಅವುಗಳನ್ನು ಸೇವಿಸಿದಾಗ ರೋಗಾಣುಗಳಲ್ಲಿ ಔಷಧಿಯನ್ನು ತಾಳಿಕೊಳ್ಳಬಲ್ಲವು ಉಳಿದು ಹೆಚ್ಚುತ್ತವೆ. ಆ ಬಳಿಕ ಅದೇ ಔಷಧಿ ಊರಿನ ಇತರ ರೋಗಿಗಳಿಗೂ ನಾಟದಂತಾಗುತ್ತದೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಮರಣ ಹೊಂದಿದರೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ.

ಅವಧಿಯಿನ್ನೂ ಸಾಕಷ್ಟಿರುವ, ಒಡೆಯದ, ಹೆಸರು ದಿನಾಂಕಗಳು ಸ್ಪಷ್ಟವಾಗಿರುವ ಪೂರ್ಣ ಶೀಟುಗಳನ್ನು ವೈದ್ಯರಿರುವ ಧರ್ಮಾರ್ಥ ಚಿಕಿತ್ಸಾಲಯಕ್ಕೆ ಒಪ್ಪಿಸಬಹುದು. ಅಲ್ಲಿ ಅದನ್ನು ಸ್ವೀಕರಿಸುವರೇ ಎಂದು ಮೊದಲು ವಿಚಾರಿಸಬೇಕು. ಬೇಡವೆಂದರೆ ಬಲವಂತ ಮಾಡಬಾರದು. ತನಗೆ ಬೇಡವಾದುದನ್ನು ಸಾಗಹಾಕುವ ದಾರಿಯೆಂದು ಔಷಧದಾನವನ್ನು ತಿಳಿದವನಿಗೆ ದಾನದ ಅರ್ಥವೇ ತಿಳಿದಿಲ್ಲ. ಔಷಧದಾನ ಮಾಡುವ ಶಕ್ತಿಯುಳ್ಳವನು ರೋಗಿಗೆ ವೈದ್ಯರು ಬರೆದ ಹೊಸ ಔಷಧಿಯನ್ನು ಕೊಂಡು ಕೊಡಲಿ.

ಚೆಲ್ಲುವುದು

ಜೈನ ಗೃಹಸ್ಥನ ಗುರುತುಗಳಲ್ಲಿ ಸೋಸಿದ ನೀರು ಒಂದು. ಬಾವಿಯ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಿಗಳು ಸಾಯದಂತೆ ಅವನ್ನು ಮರಳಿ ಅದೇ ಬಾವಿಗೆ ಮೆಲ್ಲನೆ ಇಳಿಸುವ ಕ್ರಮವನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಕಲಿಸುತ್ತ ಬಂದರು. ಒಂದು ಬಾವಿಯ ಜೀವಿಯನ್ನು ಇನ್ನೊಂದು ಬಾವಿಗೆ ಬಿಡಬಾರದೆಂಬಷ್ಟು ಎಚ್ಚರಿಕೆ ಆ ಕ್ರಮದಲ್ಲಿದೆ. ಅಂತಹ ಮನೆಯವರೇ ಕೊನೆಗೆ ಬಾವಿಗೋ ಕೆರೆಗೋ ಹೊಳೆಗೋ ಸೇರುವ ಬಚ್ಚಲಿಗೆ ಔಷಧಿಯನ್ನು ಸುರಿದರೆ, ಬಟ್ಟೆಯಿಂದ ರಕ್ಷಿಸಿದುದನ್ನು ಬಾಟಲಿಯಿಂದ ನಾಶಮಾಡಿದಂತಾಗುವುದಿಲ್ಲವೇ?

ನೀರಿಗೆ ಬಿದ್ದ ಔಷಧಿಯು ಕರಗಿ ಇಲ್ಲವಾಗುತ್ತದೆಯೆಂಬುದು ಬಹುಜನರ ನಂಬಿಕೆ. ಕರಗುವುದು ನಿಜ, ಇಲ್ಲವಾಗುವುದು ನಿಜವಲ್ಲ. ನಗರಗಳ ಕೊಳಚೆನೀರಿನ ಶುದ್ಧೀಕರಣ ಘಟಕಗಳನ್ನು ಮಲಮೂತ್ರಾದಿಗಳನ್ನು ಕೊಳೆಯಿಸಿ ತೆಗೆಯಲು ನಿರ್ಮಿಸಲಾಗಿದೆ. ಔಷಧಿಗಳನ್ನು ತೆಗೆಯುವುದು ಅವುಗಳ ಉದ್ದೇಶವಾಗಿರಲಿಲ್ಲ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪೀನ್ ಎಂಬ ಔಷಧಿಯು ಅಂತಹ ಘಟಕವನ್ನು ಹೆಚ್ಚುಕಡಿಮೆ ಹಾಗೆಯೇ ದಾಟಿ ಹೋಗುತ್ತದೆ. ಹಳ್ಳಿಗಳಲ್ಲಿ ಇಂಗುಗುಂಡಿಗೆ ಬಿದ್ದುದು ಅಂತರ್ಜಲದ ಕಡೆಗೆ ಸಾಗುತ್ತದೆ.

ಎಷ್ಟು ಅಲ್ಪ ಪ್ರಮಾಣವು ಎಷ್ಟು ದೊಡ್ಡ ಕೇಡನ್ನು ಮಾಡಬಲ್ಲದು ಎಂಬುದಕ್ಕೆ ಕೆನಡಾ ದೇಶದ ಒಂದು ಪರೀಕ್ಷೆ ನಿದರ್ಶನವಾಗಿದೆ. ಗರ್ಭನಿರೋಧಕ ಗುಳಿಗೆಯಲ್ಲಿರುವ ಸ್ತ್ರೀಹಾರ್ಮೋನಿನಂತಹ ವಸ್ತುವನ್ನು ವಿಜ್ಞಾನಿಗಳು 2001ರಿಂದ 2003ರವರೆಗೆ ಒಂಟಾರಿಯೊ ಪ್ರಾಂತದ ಒಂದು ಪ್ರಾಯೋಗಿಕ ಸರೋವರಕ್ಕೆ ಸೇರಿಸಿದರು. 1 ಲೀಟರ್ ನೀರಿಗೆ ಅದರ ಪ್ರಮಾಣ ಸುಮಾರು 5ರಿಂದ 6 ನ್ಯಾನೊಗ್ರಾಮ್ ಮಾತ್ರ. ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೊಗ್ರಾಮ್. ಆ ಸರೋವರದ ಸಣ್ಣ ಮೀನಿನ ಗಂಡುಗಳಲ್ಲಿ ಹೆಣ್ಣಿನ ಲಕ್ಷಣಗಳು ತಲೆದೋರಿದವು. ಸಂತಾನ ನಿಂತುಹೋಗಿ ಆ ಜಾತಿಯೇ ಸರೋವರದಿಂದ ಅಳಿಯುವ ಹಂತಕ್ಕೆ ಬಂದಿತು. 2007ರಲ್ಲಿ ಈ ವರದಿ ಪ್ರಕಟವಾಯಿತು. ಔಷಧಿ ಸೇರಿಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಬಳಿಕ ಮೀನುಗಳು ಮತ್ತೆ ಹೆಚ್ಚಿದವೆಂಬುದನ್ನೂ ಇಲ್ಲಿ ಹೇಳಬೇಕು. ಕೇಡು ನಿಲ್ಲಿಸಬಹುದಾದುದು, ನಿಲ್ಲಿಸುವ ಕೈ ಬೇಕು.

ಭಾರತದ ಹದ್ದುಗಳ ಕಥೆಯು ಇನ್ನೂ ಕರುಣಾಜನಕವಾದುದು. ನೋವು ಬಾವುಗಳಿಗೆ ಕೊಡುವ ಡೈಕ್ಲೊಫೆನಾಕ್ ಎಂಬ ಔಷಧಿಯನ್ನು ದನಗಳಿಗೂ ಕೊಡುತ್ತಿದ್ದರು. ದನಕ್ಕೆ ಅದು ಹಿತಕರವಾಗಿಯೇ ಇತ್ತು. ಆದರೆ ಆ ದನ ಸತ್ತಾಗ ಅದರ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ಈ ಕಾರಣವನ್ನು ವಿಜ್ಞಾನಿಗಳು ಪ್ರಕಟಿಸಿದುದು 2004ರಲ್ಲಿ. ಭಾರತ ಸರಕಾರವು ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದುದು 2006ರಲ್ಲಿ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ನಾಶವಾಗಿದ್ದವು. ಕರ್ನಾಟಕದಲ್ಲಿ ಅಳಿದುಳಿದ ರಣಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ಅಭಯಧಾಮವೆಂದು ಘೋಷಿಸಬೇಕಾಯಿತು. ಈ ನಾಶವು ಮನೆಯ ಬಚ್ಚಲಿನಿಂದ ಆದುದಲ್ಲ. ಆದರೂ ಇದರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ: ಔಷಧಿಯ ಪರಿಣಾಮವು ಯಾರಿಗಾಗಿ ಕೊಟ್ಟೆವೋ ಅವರಲ್ಲಿಯೇ ಮುಗಿಯುವುದಿಲ್ಲ, ಒಂದು ಜೀವಿಗೆ ಹಿತವಾದುದು ಮುಂದಿನ ಜೀವಿಗೆ ಹಿತವೆಂಬ ಭರವಸೆಯೂ ಇಲ್ಲ.

ತಿಪ್ಪೆಗೆ ಎಸೆಯುವುದೂ ಚೆಲ್ಲುವುದರ ಇನ್ನೊಂದು ರೂಪವೇ. ಕಸವನ್ನು ಹಸು, ನಾಯಿ, ಬೆಕ್ಕು, ಕಾಗೆಗಳು ಕೆದಕುತ್ತವೆ. ಮನುಷ್ಯನ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕಿಗೆ ಪ್ರಾಣಾಂತಿಕವಾಗಬಹುದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಸಿಹಿಯಾದ ಸಿರಪ್ಪಿಗೆ ಇರುವೆಗಳು ಮುತ್ತುತ್ತವೆ. ಚಿಂದಿ ಆಯುವ ಮಕ್ಕಳ ಕೈಗೆ ಹೊಳೆಯುವ ಶೀಟುಗಳು ಸಿಗುತ್ತವೆ, ಪೌರಕಾರ್ಮಿಕರ ಕೈಗೆ ಇನ್ಸುಲಿನ್ನಿನ ಸೂಜಿಗಳು ಚುಚ್ಚುತ್ತವೆ.

ಸುಡುವುದು

ಕಂಡ ಕಸವನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕಿ ಬೆಂಕಿಯಿಡುವ ರೂಢಿ ಊರುಗಳಲ್ಲಿ ಇನ್ನೂ ಇದೆ. ಅಗ್ನಿಕಾಯ ವಾಯುಕಾಯ ಜೀವಗಳ ವಿಚಾರ ಹಾಗಿರಲಿ, ಆ ರಾಶಿಯಡಿ ಸೇರಿದ ತ್ರಸಜೀವಿಗಳನ್ನು ಯಾರೂ ನೋಡುವುದಿಲ್ಲ. ಮಾತ್ರೆಯ ಶೀಟುಗಳಲ್ಲಿ ಅನೇಕವು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ತೆರೆದ ಬೆಂಕಿಯಲ್ಲಿ ಅವು ಉರಿದಾಗ ಡಯಾಕ್ಸಿನ್ ಮೊದಲಾದ ವಿಷಗಳು ಹೊಗೆಯೊಡನೆ ಹೊರಡುತ್ತವೆ. ದಮ್ಮಿನ ರೋಗಿಗಳು ಬಳಸುವ ಇನ್ಹೇಲರಿನ ಡಬ್ಬಿಯು ಬೆಂಕಿಯಲ್ಲಿ ಸಿಡಿಯುತ್ತದೆ.

ಔಷಧಿಯನ್ನು ನಿರಪಾಯಗೊಳಿಸಲು ಸುಡುವುದೇ ಮುಖ್ಯವಾದ ಉಪಾಯವೆಂಬುದೂ ಸತ್ಯವೇ. ಆದರೆ ಆ ಬೆಂಕಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ಎರಡು ಕೋಣೆಗಳುಳ್ಳ ಕುಲುಮೆಯನ್ನೂ ಕನಿಷ್ಠ 850 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ಹೇಳಿದೆ. ಕ್ಯಾನ್ಸರಿನ ಔಷಧಿಗಳಿಗೆ ಇದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಹಿತ್ತಲ ಬೆಂಕಿಗೆ ಆ ಶಾಖವಿಲ್ಲ. ಆದುದರಿಂದ ಗೃಹಸ್ಥನು ತಾನೇ ಸುಡಲು ಹೋಗದೆ, ಸರಿಯಾಗಿ ಸುಡುವಲ್ಲಿಗೆ ತಲುಪಿಸುವುದೇ ಯೋಗ್ಯವಾಗುತ್ತದೆ.

ಸಂಕಲ್ಪ ಮತ್ತು ಪ್ರಮಾದ

ಇಲ್ಲಿ ಒಂದು ಆಕ್ಷೇಪ ಬರಬಹುದು. ಔಷಧಿಯನ್ನು ಚೆಲ್ಲಿದವನಿಗೆ ಮೀನನ್ನೋ ಇರುವೆಯನ್ನೋ ಕೊಲ್ಲುವ ಉದ್ದೇಶವಿರಲಿಲ್ಲ. ಭಾವವೇ ಪ್ರಧಾನವೆಂದ ಮೇಲೆ ಅವನಿಗೆ ದೋಷವೆಲ್ಲಿಯದು?

ಜನ್ನನು 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆಯನ್ನು ಅರಿಯದ ಜೈನ ಮನೆಯಿಲ್ಲ. ಯಶೋಧರನೂ ಅವನ ತಾಯಿಯೂ ಬಲಿಕೊಟ್ಟುದು ಹಿಟ್ಟಿನ ಕೋಳಿಯನ್ನು. ನಿಜವಾದ ಕೋಳಿಯನ್ನು ಅವರು ಕೊಲ್ಲಲಿಲ್ಲ. ಕೊಲ್ಲುವ ಸಂಕಲ್ಪವೊಂದೇ ಅವರನ್ನು ಜನ್ಮಜನ್ಮಾಂತರಗಳಲ್ಲಿ ಪಶುಯೋನಿಗಳಿಗೆ ಎಳೆಯಿತು. ಔಷಧಿಯ ವಿಷಯವು ಇದಕ್ಕೆ ನೇರ ವಿರುದ್ಧವಾಗಿ ಕಾಣುತ್ತದೆ. ಇಲ್ಲಿ ಜೀವಿಗಳು ನಿಜವಾಗಿ ಸಾಯುತ್ತವೆ, ಸಂಕಲ್ಪವು ಮಾತ್ರ ಇರುವುದಿಲ್ಲ. ಹಾಗಾದರೆ ಯಶೋಧರನನ್ನು ದೋಷಿಯೆನ್ನುವ ನ್ಯಾಯವೇ ಈ ಗೃಹಸ್ಥನನ್ನು ನಿರ್ದೋಷಿಯೆನ್ನಬೇಕಾಗುತ್ತದೆಯಲ್ಲ?

ಹಾಗೆನ್ನಲು ಸಿದ್ಧಾಂತವು ಎಡೆಗೊಡುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕೆ ಮುಂಚಿತವಾಗಿ ಇರಿಸಿದುದು ಪ್ರಮಾದವನ್ನು. ಪ್ರಮಾದವೂ ಮನಸ್ಸಿನ ಸ್ಥಿತಿಯೇ ಆಗಿದೆ. ನೋಡಿ ನಡೆಯುವ ಮುನಿಯ ಕಾಲಡಿಗೆ ಅಕಸ್ಮಾತ್ತಾಗಿ ಸಿಕ್ಕಿದ ಕೀಟದ ಮರಣವು ಮುನಿಗೆ ಬಂಧಕಾರಣವಲ್ಲ. ನೋಡದೆ ನಡೆದವನ ಕಾಲಡಿಯಲ್ಲಿ ಯಾವುದೂ ಸಾಯದಿದ್ದರೂ ಅವನು ದೋಷಿಯೇ. ಚೆಲ್ಲುವ ಮುನ್ನ ಒಂದು ಕ್ಷಣ ಯೋಚಿಸದಿರುವುದು, ಯೋಚಿಸಿದರೆ ತೊಂದರೆಯಾದೀತೆಂದು ಯೋಚನೆಯನ್ನೇ ದೂರವಿಡುವುದು ಇವೇ ಆ ನೋಡದ ನಡಿಗೆ. ತಿಳಿಯದಿದ್ದ ಕಾಲದಲ್ಲಿ ಅದು ಅಜ್ಞಾನವಾಗಿತ್ತು. ತಿಳಿದ ಬಳಿಕವೂ ಮುಂದುವರಿದರೆ ಅದಕ್ಕೆ ಪ್ರಮಾದವೆಂಬ ಹೆಸರೇ ಸಲ್ಲುತ್ತದೆ.

ಇನ್ನೊಂದು ಆಕ್ಷೇಪ ಪ್ರಮಾಣವನ್ನು ಕುರಿತದ್ದು. ನದಿಗಳನ್ನು ಸೇರುವ ಔಷಧಿಯಲ್ಲಿ ಬಹುಪಾಲು ಸೇವಿಸಿದವರ ಮಲಮೂತ್ರದಿಂದಲೂ ಕೆಲವೆಡೆ ಕಾರ್ಖಾನೆಗಳಿಂದಲೂ ಬರುತ್ತದೆ. ಇದು ನಿಜ. ಹೀಗಿರುವಾಗ ಒಂದು ಮನೆಯ ಇಪ್ಪತ್ತು ಮಾತ್ರೆಗಳ ಲೆಕ್ಕವೇನು ಎನ್ನುವವರಿದ್ದಾರೆ. ಲೋಕದಲ್ಲಿ ನಡೆಯುವ ಹಿಂಸೆಯ ಸಮುದ್ರದಲ್ಲಿ ತನ್ನ ಪಾಲು ಹನಿಯೆಂದು ಅಹಿಂಸೆಯನ್ನು ಬಿಟ್ಟವರು ಹಿಂದೆಯೂ ಇರಲಿಲ್ಲ; ಹಾಗೆ ಲೆಕ್ಕಹಾಕಿದ್ದರೆ ರಾತ್ರಿಭೋಜನತ್ಯಾಗಕ್ಕಾಗಲಿ ನೀರು ಸೋಸುವುದಕ್ಕಾಗಲಿ ಅರ್ಥವಿರುತ್ತಿರಲಿಲ್ಲ. ಸೇವಿಸಿದ ಔಷಧಿಯು ದೇಹದಿಂದ ಹೊರಬೀಳುವುದನ್ನು ರೋಗಿಯು ತಡೆಯಲಾರನು. ಅದಕ್ಕೆ ದೇಹರಕ್ಷಣೆಯೆಂಬ ಪ್ರಯೋಜನವಾದರೂ ಇದೆ. ಸೇವಿಸದ ಔಷಧಿಯನ್ನು ಚೆಲ್ಲುವುದನ್ನು ಅವನು ತಡೆಯಬಲ್ಲನು. ಅದಕ್ಕೆ ಪ್ರಯೋಜನವೇ ಇಲ್ಲ. ಒಂದೇ ಮಾತ್ರೆ ರೋಗಿಯ ಹೊಟ್ಟೆಗೆ ಹೋದಾಗ ಅರ್ಥ, ಬಚ್ಚಲಿಗೆ ಹೋದಾಗ ಅನರ್ಥ.

ವಿಸರ್ಜನೆಯ ಕ್ರಮ

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಪ್ರತಿಷ್ಠಾಪನ ಸಮಿತಿ, ಇದನ್ನೇ ಉತ್ಸರ್ಗ ಸಮಿತಿಯೆಂದೂ ಹೇಳುತ್ತಾರೆ. ದೇಹದ ಮಲವನ್ನು ಬಿಡುವಾಗಲೂ ಜೀವಿಗಳಿಲ್ಲದ, ಬಿಲಗಳಿಲ್ಲದ, ಯಾರಿಗೂ ಬಾಧೆಯಾಗದ ಸ್ಥಳವನ್ನು ನೋಡಿ ಬಿಡಬೇಕೆಂಬುದು ಅದರ ಸಾರ. ಎಲ್ಲವನ್ನೂ ತ್ಯಜಿಸಿದವರಿಗೆ, ಬಿಡುವುದರಲ್ಲಿಯೂ ಇಷ್ಟು ಎಚ್ಚರಿಕೆಯನ್ನು ವಿಧಿಸಿದ್ದಾರೆ. ಗೃಹಸ್ಥನು ಅದರ ನೆರಳನ್ನಾದರೂ ಅನುಸರಿಸಬಹುದು.

ಫ್ರಾನ್ಸ್, ಸ್ವೀಡನ್ ದೇಶಗಳಲ್ಲಿ ಔಷಧದ ಅಂಗಡಿಗಳೇ ಉಳಿದ ಔಷಧಿಯನ್ನು ಮರಳಿ ಪಡೆಯುತ್ತವೆ. ಅಮೆರಿಕದಲ್ಲಿ 2010ರಿಂದ ಇದಕ್ಕಾಗಿ ನಿಗದಿತ ದಿನಗಳನ್ನು ಆಚರಿಸುತ್ತ ಬಂದಿದ್ದಾರೆ. ನೆರೆಯ ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯು 2025ರಲ್ಲಿ ಕೋಳಿಕ್ಕೋಡ್ ನಗರದಲ್ಲಿಯೂ ಉಳ್ಳಿಯೇರಿ ಪಂಚಾಯತಿಯಲ್ಲಿಯೂ ಮನೆಗಳಿಂದ ಔಷಧಿಗಳನ್ನು ಸಂಗ್ರಹಿಸಿ ಶಾಸ್ತ್ರೀಯವಾಗಿ ಸುಡುವ ಯೋಜನೆಯನ್ನು ಆರಂಭಿಸಿತು. ಭಾರತದಲ್ಲಿ 2016ರ ಘನತ್ಯಾಜ್ಯ ನಿಯಮಗಳು ಅವಧಿ ಮೀರಿದ ಔಷಧಿಯನ್ನೂ ಬಳಸಿದ ಸೂಜಿಯನ್ನೂ ಒಡೆದ ಪಾದರಸದ ಥರ್ಮಾಮೀಟರನ್ನೂ ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿ, ಹಸಿ ಒಣ ಕಸಗಳಿಂದ ಪ್ರತ್ಯೇಕಿಸಿದವು. ಆದುದರಿಂದ ಮೊದಲು ಮಾಡಬೇಕಾದುದು ಊರಿನ ಔಷಧದ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಪುರಸಭೆ ಅಥವಾ ಪಂಚಾಯತಿಯಲ್ಲಿ ಇಂತಹ ಔಷಧಿಯನ್ನು ಎಲ್ಲಿ ಪಡೆಯುತ್ತಾರೆಂದು ವಿಚಾರಿಸುವುದು. ಕ್ಯಾನ್ಸರಿನ ಔಷಧಿಗಳನ್ನಂತೂ ಮನೆಯಲ್ಲಿ ಬಿಚ್ಚದೆ ಚಿಕಿತ್ಸೆ ಪಡೆದ ಆಸ್ಪತ್ರೆಗೇ ಒಪ್ಪಿಸಬೇಕು.

ಅಂತಹ ಏರ್ಪಾಡು ಎಲ್ಲಿಯೂ ಇಲ್ಲದಿದ್ದರೆ ಮಾತ್ರ ಮನೆಯಲ್ಲಿ ಹೀಗೆ ಮಾಡಬಹುದು. ಮಾತ್ರೆಗಳನ್ನು ಪುಡಿಮಾಡದೆ ಶೀಟಿನಿಂದ ಬಿಡಿಸಿ, ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ ಯಾರೂ ಬಾಯಿಗಿಡಲು ಬಯಸದ ವಸ್ತುವಿನೊಡನೆ ಬೆರೆಸಬೇಕು. ಹೊರದೇಶಗಳಲ್ಲಿ ಬಳಸಿದ ಕಾಫಿಯ ಗಷ್ಟನ್ನೋ ಮಣ್ಣನ್ನೋ ಹೇಳುತ್ತಾರೆ. ಒದ್ದೆಯಾದ ಗಷ್ಟಿನಲ್ಲಿ ಸಮ್ಮೂರ್ಛನ ಜೀವಿಗಳು ಹುಟ್ಟುವುದರಿಂದ ಜೈನ ಗೃಹಸ್ಥನು ಒಣ ಮರಳನ್ನೋ ಒಣ ಬೂದಿಯನ್ನೋ ಆರಿಸಿಕೊಳ್ಳುವುದು ಲೇಸು. ಸಿರಪ್ಪನ್ನು ಕೂಡ ಬಚ್ಚಲಿಗೆ ಸುರಿಯದೆ, ಅದೇ ಬಾಟಲಿಗೆ ಒಣ ಬೂದಿಯನ್ನು ತುಂಬಿ ಹೀರಿಸಿ, ಇರುವೆ ನುಗ್ಗದಂತೆ ಮುಚ್ಚಳವನ್ನು ಬಿಗಿಯಬೇಕು. ಡಬ್ಬಿಯನ್ನು ಬಿಗಿದು, ಮೇಲೆ ವಿಷಯವನ್ನು ಬರೆದು, ಬೇರೆ ಕಸದೊಡನೆ ಬೆರೆಸದೆ ಕಸದ ಗಾಡಿಯವರ ಕೈಗೆ ತಿಳಿಸಿ ಕೊಡಬೇಕು. ಖಾಲಿ ಶೀಟುಗಳನ್ನೂ ಪೆಟ್ಟಿಗೆಗಳನ್ನೂ ಕತ್ತರಿಸಿ ಹಾಕಿದರೆ ಮೋಸಗಾರರು ಅವನ್ನು ಮತ್ತೆ ಬಳಸುವ ಸಂಭವವಿರುವುದಿಲ್ಲ. ರೋಗಿಯ ಹೆಸರಿದ್ದರೆ ಅಳಿಸಬೇಕು. ಸೂಜಿಗಳನ್ನು ಚುಚ್ಚಿ ಹೊರಬಾರದಂತಹ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿಯೇ ಹಾಕಬೇಕು. ಇನ್ಹೇಲರನ್ನು ಚುಚ್ಚಲೂ ಬಾರದು, ಸುಡಲೂ ಬಾರದು.

ಈ ಕ್ರಮಕ್ಕೆ ಒಂದು ಅಪವಾದವಿದೆ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು 2025ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಫೆಂಟನಿಲ್, ಮಾರ್ಫೀನ್, ಟ್ರಮಡಾಲ್, ಡಯಜಿಪಾಮ್ ಮೊದಲಾದ 17 ಔಷಧಿಗಳನ್ನು ಹೆಸರಿಸಿ, ಅವು ಉಳಿದರೆ ಶೌಚಾಲಯದಲ್ಲಿ ಹಾಕಿ ನೀರು ಬಿಡಬೇಕೆಂದು ಹೇಳಿದೆ. ಇವುಗಳಲ್ಲಿ ಕೆಲವು ಒಂದೇ ಪ್ರಮಾಣದಲ್ಲಿ ಮಗುವಿನ ಪ್ರಾಣವನ್ನು ತೆಗೆಯಬಲ್ಲವು. ನೋವಿಗೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯಲ್ಲಿ, ಬಳಸಿ ತೆಗೆದ ಮೇಲೂ ಔಷಧಿ ಉಳಿದಿರುತ್ತದೆ. ನೀರಿಗೆ ಏನನ್ನೂ ಹಾಕಬಾರದೆಂದು ನಿಯಮ ಹಿಡಿದ ಶ್ರಾವಕನು ಇಲ್ಲಿ ಏನು ಮಾಡಬೇಕು? ಏಕೇಂದ್ರಿಯ ಜೀವಿಗೆ ನಾಲ್ಕು ಪ್ರಾಣಗಳು, ಸಂಜ್ಞಿ ಪಂಚೇಂದ್ರಿಯ ಜೀವಿಗೆ ಹತ್ತು ಪ್ರಾಣಗಳು ಎಂದು ಶಾಸ್ತ್ರವು ತಾರತಮ್ಯವನ್ನು ತಿಳಿಸಿರುವುದು ಇಂತಹ ಇಕ್ಕಟ್ಟಿಗಾಗಿಯೇ. ಮರಳಿ ಪಡೆಯುವ ಏರ್ಪಾಡು ಹತ್ತಿರದಲ್ಲಿದ್ದರೆ ಅಲ್ಲಿಗೇ ಒಪ್ಪಿಸಬೇಕು. ಇಲ್ಲದಿದ್ದರೆ ಮನೆಯ ಮಗುವಿನ ರಕ್ಷಣೆಯೇ ಮೊದಲನೆಯದು. ನೀರಿಗೆ ಬಿಟ್ಟ ದೋಷಕ್ಕೆ ಆಲೋಚನೆ ಪ್ರಾಯಶ್ಚಿತ್ತಗಳಿವೆ. ಕಳೆದ ಮಗುವನ್ನು ಪಡೆಯಲು ಯಾವ ದಾರಿಯೂ ಇಲ್ಲ.

ನಿಯಮವಾಗಿ ಸ್ವೀಕರಿಸುವುದು

ಚೆಲ್ಲುವ ಕ್ರಮಕ್ಕಿಂತ ಉಳಿಯದಂತೆ ನೋಡಿಕೊಳ್ಳುವುದು ಮೇಲು. ವೈದ್ಯರು ಚೀಟಿ ಬರೆಯುವಾಗಲೇ ಜೆಲಟಿನ್ ಹೊದಿಕೆಯಿಲ್ಲದ ಮಾತ್ರೆ ದೊರೆಯುವುದೇ ಎಂದು ಕೇಳಿದರೆ, ಕೊಂಡ ಬಳಿಕ ಕೈಬಿಡುವ ಪ್ರಸಂಗ ಬರುವುದಿಲ್ಲ. ಹೊಸ ಔಷಧಿಯನ್ನು ಮೊದಲ ಬಾರಿಗೆ ಕೊಳ್ಳುವಾಗ ಕೆಲವು ದಿನಗಳಿಗೆ ಸಾಕಾಗುವಷ್ಟೇ ಕೊಳ್ಳಬಹುದು. ಆಂಟಿಬಯೊಟಿಕ್ ಆದರೆ ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಭೋಗೋಪಭೋಗ ಪರಿಮಾಣವ್ರತವು ಧಾನ್ಯ ವಸ್ತ್ರಗಳಿಗೆ ಮಾತ್ರ ಅನ್ವಯಿಸುತ್ತದೆಂದು ತಿಳಿಯಬಾರದು, ಔಷಧಿಗೂ ಪರಿಮಾಣವಿರಲಿ.

ಪರ್ವಕಾಲದಲ್ಲಿ ಉಪವಾಸವನ್ನು ಕೈಗೊಳ್ಳುವವರು ಸಕ್ಕರೆ ರೋಗ, ರಕ್ತದೊತ್ತಡ, ಅಪಸ್ಮಾರಗಳ ಔಷಧಿಯನ್ನು ತಾವಾಗಿಯೇ ನಿಲ್ಲಿಸಿ ಅನಾಹುತ ಮಾಡಿಕೊಳ್ಳುವುದುಂಟು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೇಳುವಾಗ ಎರಡಕ್ಕೂ ಶಕ್ತಿಗನುಸಾರವಾಗಿ ಎಂಬ ಮಾತನ್ನು ಸೇರಿಸಿರುವುದನ್ನು ಅಂತಹವರು ಮರೆಯಬಾರದು. ಏಕಭುಕ್ತವೋ ರಸತ್ಯಾಗವೋ ಯಾವುದು ತಮಗೆ ತಕ್ಕುದೆಂಬುದನ್ನು ವೈದ್ಯರೊಡನೆಯೂ ಗುರುಗಳೊಡನೆಯೂ ವಿಚಾರಿಸಿ ಮುಂಚಿತವಾಗಿ ನಿಶ್ಚಯಿಸುವುದು ವ್ರತಕ್ಕೂ ಕ್ಷೇಮ, ದೇಹಕ್ಕೂ ಕ್ಷೇಮ.

ಜೀವಮಾನವಿಡೀ ಪಾಲಿಸುವುದು ಯಮ, ಕಾಲವನ್ನು ಗೊತ್ತುಮಾಡಿ ಪಾಲಿಸುವುದು ನಿಯಮ. ದಶಲಕ್ಷಣದ ಎಂಟನೆಯ ದಿನ ಉತ್ತಮ ತ್ಯಾಗಧರ್ಮದ ದಿನ. ಅಂದು ಮನೆಯ ಹಿರಿಯರು ಔಷಧಿಯ ಡಬ್ಬಿಯನ್ನು ತೆರೆದು ಅವಧಿಗಳನ್ನು ನೋಡಿ, ಬೇಕಾದುದನ್ನು ಮಕ್ಕಳ ಕೈಗೆಟುಕದ ಕಡೆ ಬೀಗದಲ್ಲಿರಿಸಿ, ಬೇಡವಾದುದನ್ನು ಬೇರ್ಪಡಿಸುವ ನಿಯಮವೊಂದನ್ನು ಒಂದು ವರ್ಷಕ್ಕೆ ಸ್ವೀಕರಿಸಬಹುದು. ಬಸದಿಯ ಸಮಿತಿಯವರು ಮನಸ್ಸು ಮಾಡಿದರೆ ಊರಿನ ವೈದ್ಯರನ್ನೋ ಔಷಧದ ಅಂಗಡಿಯವರನ್ನೋ ಕರೆಸಿ, ಪುರಸಭೆಯವರ ಒಪ್ಪಿಗೆ ಪಡೆದು, ಎಲ್ಲ ಮನೆಗಳಲ್ಲಿ ಬೇರ್ಪಡಿಸಿದುದನ್ನು ಒಟ್ಟಾಗಿ ಯೋಗ್ಯಸ್ಥಳಕ್ಕೆ ತಲುಪಿಸುವ ವ್ಯವಸ್ಥೆ ಮಾಡಬಹುದು. ಇದಕ್ಕೆ ದೊಡ್ಡ ವೆಚ್ಚವಿಲ್ಲ. ಬೇಕಾದುದು ಅರ್ಧ ದಿನದ ಶ್ರಮ ಮತ್ತು ಎಚ್ಚರ.

ಬಿಸಾಡಿದವನು ವಸ್ತುವು ತನ್ನ ಬಾಗಿಲನ್ನು ದಾಟಿದೊಡನೆ ಅದನ್ನು ಮರೆಯುತ್ತಾನೆ. ತ್ಯಜಿಸುವವನು ಅದು ಯಾವ ಜೀವಿಗೂ ಬಾಧೆಯಾಗದ ಎಡೆಯನ್ನು ಸೇರುವವರೆಗೆ ಅದರ ಹಿಂದೆ ತನ್ನ ದಯೆಯನ್ನು ಕಳುಹಿಸುತ್ತಾನೆ. ಶ್ರಾವಕ ಶ್ರಾವಿಕೆಯರು ಕೊಳ್ಳುವಾಗ ತೋರುವ ವಿವೇಕವನ್ನು ಬಿಡುವಾಗಲೂ ತೋರಿದರೆ ಅವರ ವ್ರತವು ಮನೆಯ ಹೊಸ್ತಿಲಿನಿಂದಾಚೆಗೂ, ಕಣ್ಣಿಗೆ ಕಾಣದ ನೀರಿನ ಜೀವಿಗಳವರೆಗೂ ಕಾಪಾಡುವ ಬಲವನ್ನು ಪಡೆದೀತು.